‘ತಪ್ಪು ಅವನದ್ದೇ ಸಾರ್’

ದಾವಣಗೆರೆ ಸುತ್ತಮುತ್ತ ಗುದ್ದಿಸಿಕೊಂಡ ಕಾರುಗಳನ್ನು ನೋಡಿ ವರದಿ ಬರೆಯುವುದು ನನ್ನ ವೃತ್ತಿ. ಮೋಟಾರು ವಿಮೆಯ ಸರ್ವೇಯರ್ ನಾನು. ನಷ್ಟ 50,000 ರೂಪಾಯಿ ದಾಟಿದರೆ ಪರವಾನಗಿ ಇರುವ ಸರ್ವೇಯರ್ ಒಬ್ಬ ಗಾಡಿ ನೋಡಲೇಬೇಕೆಂಬ ನಿಯಮವಿದೆ. ನನ್ನ ಮನೆ ನಡೆಸುವ ನಿಯಮ ಅದು. ಫೀಸು ಕೊಡುವುದು ವಿಮಾ ಕಂಪನಿ. ಹಾಗಾಗಿ ಜನ ನನ್ನನ್ನು ಕಂಪನಿಯ ಕಡೆಯವನೆಂದೇ ತಿಳಿದು ಎಚ್ಚರದಿಂದ ಮಾತಾಡುತ್ತಾರೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿಸುವ ಮೊದಲೇ ಮಾಲೀಕರ ವಾದ ಶುರುವಾಗಿರುತ್ತದೆ: “ತಪ್ಪು ಅವನದ್ದೇ ಸಾರ್. ಇಂಡಿಕೇಟರ್ ಹಾಕ್ಲಿಲ್ಲ, ಏನಿಲ್ಲ, ನುಗ್ಗಿಬಿಟ್ಟ.” ಎಲ್ಲ ಕೇಳಿಸಿಕೊಂಡು ನಾನು ಕೇಳುವುದು ಬೇರೆಯೇ. “ಲೈಸೆನ್ಸ್ ತಂದಿದ್ದೀರಾ?”

ಅವರಿಗೆ ಸಿಟ್ಟು ಬರುತ್ತದೆ. ಆದರೆ ಒಂದು ಅಪಘಾತದಿಂದ ಮೂರು ಬೇರೆ ಬೇರೆ ವ್ಯವಹಾರ ಹುಟ್ಟುತ್ತವೆ. ಅಜಾಗರೂಕತೆಯ ಅಪರಾಧ ಯಾರದ್ದೆಂಬುದು ಪೊಲೀಸರದು, ಕ್ರಿಮಿನಲ್ ಕೋರ್ಟಿನದು. ನಿಮ್ಮ ಕಾರಿನ ರಿಪೇರಿ ಖರ್ಚು ನಿಮ್ಮ ಮತ್ತು ನಿಮ್ಮ ವಿಮಾ ಕಂಪನಿಯ ನಡುವಿನ ಕರಾರು. ಗಾಯಗೊಂಡವರ, ತೀರಿಕೊಂಡವರ ಪರಿಹಾರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸೇರಿದ್ದು. ವಕೀಲರ ಬಾಯಲ್ಲಿ ಎಂ.ವಿ.ಸಿ. ಕೇಸು. ತಪ್ಪು ಯಾರದೆಂಬ ಜಗಳಕ್ಕೆ ಎರಡನೆಯದರಲ್ಲಿ ಬೆಲೆಯೇ ಇಲ್ಲ, ಮೂರನೆಯದರಲ್ಲಿ ಅದರದ್ದೇ ಕಾರುಬಾರು. ನಮ್ಮ ಜನ ರಿಪೇರಿಯ ಹೊತ್ತಿನಲ್ಲಿ ಇಡೀ ಗ್ಯಾರೇಜಿಗೆ ಕೇಳುವಂತೆ ವಾದಿಸುತ್ತಾರೆ, ನ್ಯಾಯಮಂಡಳಿಯ ಮುಂದೆ ಮಾತ್ರ ಬರಿಗೈಯಲ್ಲಿ ನಿಲ್ಲುತ್ತಾರೆ.

ರಿಪೇರಿಯ ಮಾತು ಮೊದಲು ಮುಗಿಸುತ್ತೇನೆ. ‘ಫುಲ್ ಇನ್ಶೂರೆನ್ಸ್’ ಇದ್ದರೆ ತಪ್ಪು ನಿಮ್ಮದೇ ಆಗಿದ್ದರೂ ಕಂಪನಿ ರಿಪೇರಿಗೆ ಹಣ ಕೊಡಬೇಕು. ಕುಡಿದಿರಬಾರದು, ಓಡಿಸಿದವರಿಗೆ ಲೈಸೆನ್ಸ್ ಇರಬೇಕು, ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಬಿಟ್ಟಿರಬಾರದು, ಕಂಪನಿಗೆ ತಡಮಾಡದೆ ತಿಳಿಸಿರಬೇಕು. ಬಂಪರಿನಂಥ ಪ್ಲಾಸ್ಟಿಕ್ ಭಾಗ, ಟೈರು, ಬ್ಯಾಟರಿಗಳಿಗೆ ಸವಕಳಿಯೆಂದು ಅರ್ಧ ಬೆಲೆ ಕಡಿತ, ಗಾಜಿಗೆ ಕಡಿತವಿಲ್ಲ. 1500 ಸಿಸಿವರೆಗಿನ ಕಾರಾದರೆ ಮೊದಲ 1,000 ರೂಪಾಯಿ ನಿಮ್ಮದೇ ಜೇಬಿನದು. ಒಂದು ಅನ್ಯಾಯ ಮಾತ್ರ ನಿಜ: ತಪ್ಪು ನೂರಕ್ಕೆ ನೂರು ಎದುರಿನವನದಾಗಿದ್ದರೂ ನೀವು ಕ್ಲೈಮ್ ಮಾಡಿದರೆ ನಿಮ್ಮ ನೋ ಕ್ಲೈಮ್ ಬೋನಸ್ ಹೋಗುತ್ತದೆ. ಐದು ವರ್ಷ ಕ್ಲೈಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50ರಷ್ಟು ರಿಯಾಯಿತಿ ಇರುವುದರಿಂದ ಸಣ್ಣ ಡೆಂಟಿಗೆ ಕ್ಲೈಮ್ ಹಾಕುವ ಮುಂಚೆ ಗುಣಿಸಿ ನೋಡಬೇಕು.

ರಿಪೇರಿ ಕ್ಲೈಮ್ ಕೆಡುವುದು ಹೆಚ್ಚಾಗಿ ಕಥೆ ಕಟ್ಟುವುದರಿಂದ. ‘ಹಿಂದಿನಿಂದ ಲಾರಿ ಗುದ್ದಿತು’ ಎಂದು ಫಾರಂನಲ್ಲಿ ಬರೆದಿದ್ದ ಒಬ್ಬರ ಕಾರಿನ ಹಿಂದಿನ ಮೂಲೆಯಲ್ಲಿ ನನಗೆ ಸಿಕ್ಕಿದ್ದು ಸುಣ್ಣ. ಮನೆಯ ಗೇಟಿನ ಕಂಬಕ್ಕೆ ರಿವರ್ಸ್ ತೆಗೆಯುವಾಗ ತಾಗಿಸಿದ್ದಾರೆ, ಹೇಳಲು ನಾಚಿಕೆ. ನಿಜ ಹೇಳಿದ್ದರೆ ಹಣ ಬರುತ್ತಿತ್ತು. ಸುಳ್ಳು ಬರೆದ ಮೇಲೆ ‘ಕಾರಣಕ್ಕೂ ಹಾನಿಗೂ ತಾಳೆಯಿಲ್ಲ’ ಎಂದು ನಾನು ಬರೆಯದೆ ಗತ್ಯಂತರವಿರಲಿಲ್ಲ.

ಬರೀ ಥರ್ಡ್ ಪಾರ್ಟಿ ವಿಮೆ ಇರುವವರ ಪಾಡು ಬೇರೆ. ಅವರ ಕಾರಿನ ರಿಪೇರಿಗೆ ಅವರ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಎದುರಿನ ಗಾಡಿಯ ವಿಮೆಯಿಂದಲೇ ವಸೂಲಿ ಮಾಡಬೇಕು, ಅದಕ್ಕೆ ನ್ಯಾಯಮಂಡಳಿಗೇ ಹೋಗಬೇಕು, ತಪ್ಪು ಅವನದೆಂದು ರುಜುವಾತು ಮಾಡಬೇಕು. ಎದುರಿನದು ಸ್ವಂತ ಬಳಕೆಯ ಕಾರಾಗಿದ್ದರೆ ಆಸ್ತಿ ಹಾನಿಗೆ ಅದರ ಪಾಲಿಸಿಯ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಹತ್ತು-ಹದಿನೈದು ಸಾವಿರದ ಡೆಂಟಿಗೆ ಈ ದಾರಿ ಹಿಡಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ಇನ್ನು ನಿಜವಾದ ಜಗಳ. ಭರಮಸಾಗರದ ಹತ್ತಿರ ಆದ ಒಂದು ಪ್ರಕರಣವನ್ನೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಎಲ್ಲ ತಕರಾರುಗಳೂ ಒಟ್ಟಿಗೆ ಬಂದಿದ್ದವು. ಪ್ರೌಢಶಾಲೆಯ ಮೇಷ್ಟ್ರೊಬ್ಬರು ಹೆಂಡತಿಯನ್ನು ಕೂರಿಸಿಕೊಂಡು ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೊರಟಿದ್ದಾರೆ. ಮುಂದೆ ಒಂದು ಗೂಡ್ಸ್ ಗಾಡಿ. ಕಾರಿನ ಮೂತಿ ಗೂಡ್ಸ್ ಗಾಡಿಯ ಹಿಂಬದಿಗೆ ಹೊಡೆದಿದೆ. ಮೇಷ್ಟ್ರ ಮಂಡಿ ಪುಡಿ, ಹೆಂಡತಿಯ ತೋಳು ಮುರಿದಿದೆ. ಗೂಡ್ಸ್ ಚಾಲಕನಿಗೆ ತರಚುಗಾಯ. ಇವರು ಆಸ್ಪತ್ರೆಯಲ್ಲಿದ್ದಾಗ ಅವನು ಠಾಣೆಗೆ ಹೋಗಿ ದೂರು ಕೊಟ್ಟ: ನಾನು ಹೆದ್ದಾರಿಯಲ್ಲಿ ನೆಟ್ಟಗೆ ಹೋಗುತ್ತಿದ್ದೆ, ಕಾರು ಹಿಂದಿನಿಂದ ಬಂದು ಗುದ್ದಿತು. ಎಫ್‌ಐಆರ್ ಮೇಷ್ಟ್ರ ಮೇಲಾಯಿತು. ಮೇಷ್ಟ್ರು ಹೇಳುವುದು, ಆ ಗಾಡಿ ಎಡಗಡೆಯ ಸರ್ವಿಸ್ ರಸ್ತೆಯಿಂದ ಹಠಾತ್ತನೆ ಹೆದ್ದಾರಿಗೆ ನುಗ್ಗಿತು ಎಂದು.

ಮೊದಲು ಠಾಣೆ ಮುಟ್ಟಿದವನದೇ ಸತ್ಯ ಎನ್ನುವ ಹಾಗೆ ನಮ್ಮಲ್ಲಿ ನಡೆದುಬಿಡುತ್ತದೆ. ಆಸ್ಪತ್ರೆಯಲ್ಲಿ ಮಲಗಿದವರು ಅಲ್ಲಿಂದಲೇ ಹೇಳಿಕೆ ಕೊಡಬಹುದು. ಮನೆಯವರು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬಹುದು, ಮ್ಯಾಜಿಸ್ಟ್ರೇಟರ ಮುಂದೆಯೂ ಹೋಗಬಹುದು. ಮೇಷ್ಟ್ರ ಭಾವಮೈದ ಇದನ್ನು ಮಾಡಿದ. ಅದಕ್ಕಿಂತ ದೊಡ್ಡ ಉಪಕಾರ ಅವನಿಂದ ಆಗಿದ್ದು ಬೇರೆ: ಗಾಡಿಗಳನ್ನು ಕ್ರೇನ್ ಎಳೆಯುವ ಮೊದಲು ಜಾಗಕ್ಕೆ ಬಂದು ಮೊಬೈಲಿನಲ್ಲಿ ನೆಲದ ಫೋಟೊ ತೆಗೆದಿದ್ದ.

ಗಾಡಿಯದ್ದಲ್ಲ, ನೆಲದ್ದು. ಜನ ನಜ್ಜುಗುಜ್ಜಾದ ಬಾನೆಟ್ಟಿನದೇ ಇಪ್ಪತ್ತು ಫೋಟೊ ತೆಗೆಯುತ್ತಾರೆ. ಬಾನೆಟ್ ಎಲ್ಲಿಗೂ ಓಡಿಹೋಗುವುದಿಲ್ಲ, ಗ್ಯಾರೇಜಿನಲ್ಲಿ ನಾನೇ ತೆಗೆಯುತ್ತೇನೆ. ಹೋಗಿಬಿಡುವುದು ರಸ್ತೆಯ ಮೇಲಿನ ಗುರುತು. ಪ್ರತಿ ಗಾಡಿಯ ಮಡ್‌ಗಾರ್ಡ್ ಒಳಗೆ ಒಣಮಣ್ಣು ಅಂಟಿಕೊಂಡಿರುತ್ತದೆ. ಡಿಕ್ಕಿಯ ಹೊಡೆತಕ್ಕೆ ಅದು ಹೆಪ್ಪು ಹೆಪ್ಪಾಗಿ ಅಲ್ಲೇ ಉದುರುತ್ತದೆ. ಗಾಜಿನ ಚೂರು ವೇಗಕ್ಕೆ ಮುಂದೆ ಹಾರುತ್ತದೆ, ಗಾಡಿಗಳು ಇನ್ನೂ ಮುಂದೆ ಹೋಗಿ ನಿಲ್ಲುತ್ತವೆ; ಮಣ್ಣು ಬಿದ್ದ ಜಾಗವೇ ಹೆಚ್ಚುಕಡಿಮೆ ಡಿಕ್ಕಿಯಾದ ಜಾಗ. ಮಳೆ ಬಂದರೆ, ಕಸ ಗುಡಿಸಿದರೆ, ಹತ್ತು ಲಾರಿ ಮೇಲೆ ಹಾದರೆ ಮುಗಿಯಿತು. ಪೊಲೀಸರ ಸ್ಥಳ ಮಹಜರಿನ ನಕ್ಷೆ ಆಗುವ ಹೊತ್ತಿಗೆ ಗಾಡಿಗಳನ್ನು ಪಕ್ಕಕ್ಕೆ ಎಳೆದಾಗಿರುತ್ತದೆ. ಈ ಪ್ರಕರಣದಲ್ಲೂ ನಕ್ಷೆಯಲ್ಲಿ ಎರಡೂ ಗಾಡಿ ಹೆದ್ದಾರಿಯ ಅಂಚಿನಲ್ಲಿ ಒಂದರ ಹಿಂದೊಂದು ನಿಂತಿದ್ದವು. ಅದನ್ನಷ್ಟೇ ನೋಡಿದವರಿಗೆ ಗೂಡ್ಸ್ ಚಾಲಕನ ಮಾತೇ ಸರಿ.

ನಾನು ಗ್ಯಾರೇಜಿನಲ್ಲಿ ಕಂಡದ್ದು ಇದು: ಕಾರಿನ ಎಡ ಹೆಡ್‌ಲೈಟು, ಎಡ ಫೆಂಡರು ಪೂರ್ತಿ ಹೋಗಿವೆ, ಬಲ ಹೆಡ್‌ಲೈಟಿಗೆ ಗೀರೂ ಇಲ್ಲ. ಗೂಡ್ಸ್ ಗಾಡಿಯ ಹಿಂಬಾಗಿಲು ನೆಟ್ಟಗಿದೆ. ಮುರಿದಿರುವುದು ಬಲಮೂಲೆ, ಅಲ್ಲಿಂದ ಬಲಪಕ್ಕದ ತಗಡಿನ ಮೇಲೆ ಹಿಂದಿನಿಂದ ಮುಂದಕ್ಕೆ ಎಳೆದ ಗೀರುಗಳು, ಅದರಲ್ಲಿ ಕಾರಿನ ಬಣ್ಣ. ನೆಟ್ಟಗೆ ಹೋಗುವ ಗಾಡಿಗೆ ಹಿಂದಿನಿಂದ ನೇರ ಗುದ್ದಿದ್ದರೆ ಹಿಂಬಾಗಿಲು ಒಳಗೆ ಹೋಗಬೇಕಿತ್ತು. ಇದು ಓರೆಯಾಗಿ ಅಡ್ಡಬರುತ್ತಿದ್ದ ಗಾಡಿಗೆ ಬಿದ್ದ ಏಟು.

ಮಂಡಳಿಯಲ್ಲಿ ನನ್ನನ್ನು ಸಾಕ್ಷಿಯಾಗಿ ಕರೆದರು. ಎದುರು ಕಂಪನಿಯ ವಕೀಲರು ಬುದ್ಧಿವಂತರು. “ಕಾರಿನವರು ತಪ್ಪಿಸಿಕೊಳ್ಳಲು ಕೊನೆಗಳಿಗೆಯಲ್ಲಿ ಸ್ಟೇರಿಂಗ್ ಬಲಕ್ಕೆ ಎಳೆದಿದ್ದರೂ ಎಡಮೂಲೆಗೇ ಏಟು ಬೀಳುತ್ತದಲ್ಲವೇ?” ಎಂದು ಕೇಳಿದರು. ಬೀಳುತ್ತದೆ ಎಂದೆ, ಅದು ಸತ್ಯ. ಆಗ ಕೆಲಸಕ್ಕೆ ಬಂದದ್ದು ಭಾವಮೈದನ ಫೋಟೊ: ಮಣ್ಣಿನ ಹೆಪ್ಪುಗಳು ಬಿದ್ದಿದ್ದು ಸರ್ವಿಸ್ ರಸ್ತೆ ಹೆದ್ದಾರಿಗೆ ಕೂಡುವ ಬಾಯಲ್ಲೇ, ಬಿಳಿಗೆರೆಯ ಪಕ್ಕ. ನೆಟ್ಟಗೆ ಹೋಗುತ್ತಿದ್ದ ಗಾಡಿಗೆ ಅಲ್ಲೇನು ಕೆಲಸ? ಹಾಗೆಂದು ಮೇಷ್ಟ್ರನ್ನೂ ನಾನು ಪೂರ್ತಿ ಬಿಡಿಸಲಾಗಲಿಲ್ಲ. ಕಾರಿನ ಒಳಗಿನ ಉಕ್ಕಿನ ದಿಮ್ಮಿ ಮಡಿಚಿದ್ದ ರೀತಿ ನೋಡಿದರೆ ವೇಗ ಚೆನ್ನಾಗಿಯೇ ಇತ್ತು. ಕೂಡುರಸ್ತೆ ಕಂಡಾಗ ನಿಧಾನಿಸಬೇಕಿತ್ತು. ಮಂಡಳಿ ಗೂಡ್ಸ್ ಗಾಡಿಗೆ ಶೇ 75, ಕಾರಿಗೆ ಶೇ 25 ತಪ್ಪು ಹಂಚಿತು.

ಎಫ್‌ಐಆರ್ ಮೇಷ್ಟ್ರ ಮೇಲಿದ್ದೂ ಹೀಗಾಯಿತೇ ಎಂದು ಅನೇಕರಿಗೆ ಆಶ್ಚರ್ಯ. ಎಫ್‌ಐಆರ್ ಆಗಲಿ, ಆರೋಪಪಟ್ಟಿಯಾಗಲಿ ನ್ಯಾಯಮಂಡಳಿಯ ಕೈ ಕಟ್ಟುವುದಿಲ್ಲ. ಅಲ್ಲಿ ಕೇಳುವುದು ‘ಸಂಶಯಾತೀತ’ ಪುರಾವೆಯಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ಚಾಲಕನ ಗಾಡಿಯ ವಿಮೆ ಪರಿಹಾರ ಕಟ್ಟಬೇಕಾದದ್ದು ಸಾಕಷ್ಟಿದೆ. ಆದರೆ ಎದುರು ಪುರಾವೆ ಇಲ್ಲದಿದ್ದರೆ ಆರೋಪಪಟ್ಟಿಯೇ ಗೆಲ್ಲುತ್ತದೆ ಎಂಬುದೂ ಅಷ್ಟೇ ನಿಜ. ಆದ್ದರಿಂದ ಮಹಜರು, ನಕ್ಷೆ, ಬ್ರೇಕ್ ಇನ್‌ಸ್ಪೆಕ್ಟರರ ವರದಿ, ಈ ಮೂರರ ಪ್ರತಿ ಬೇಗ ಕೈಗೆ ಬರಬೇಕು. ಬ್ರೇಕ್ ಇನ್‌ಸ್ಪೆಕ್ಟರರ ವರದಿಯಲ್ಲಿ ಎರಡೂ ಗಾಡಿಗೆ ಎಲ್ಲೆಲ್ಲಿ ಏಟು ಎಂದು ಬರೆದಿರುತ್ತದೆ. ಅದು ನಿಮ್ಮ ಮಾತಿಗೆ ತಾಳೆಯಾಗದಿದ್ದರೆ ಮುಂದೆ ಕಷ್ಟ. ಟೋಲ್‌ನ, ಪೆಟ್ರೋಲ್ ಬಂಕಿನ ಕ್ಯಾಮೆರಾ ಚಿತ್ರ ಕೆಲವೇ ದಿನಕ್ಕೆ ಅಳಿಸಿಹೋಗಬಹುದು. ತನಿಖಾಧಿಕಾರಿಗೆ ಅಂದೇ ಲಿಖಿತವಾಗಿ ಕೇಳಬೇಕು. ಡ್ಯಾಶ್‌ಕ್ಯಾಮ್ ಇದ್ದರೆ ಕಾರ್ಡನ್ನು ತೆಗೆದಿಡಬೇಕು. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಜೊತೆಗಿರಬೇಕು.

ಶೇ 25ರ ಅರ್ಥ ಹಣದಲ್ಲಿ ಏನು? ಮೇಷ್ಟ್ರ ಗಾಯಕ್ಕೆ 8 ಲಕ್ಷ ಎಂದು ಲೆಕ್ಕವಾಗಿದ್ದರೆ ಕೈಗೆ 6 ಲಕ್ಷ. ತಮ್ಮ ತಪ್ಪಿನ ಪಾಲು ತಮ್ಮದೇ. ಆದರೆ ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಒಂದು ರೂಪಾಯಿಯೂ ಕಡಿತವಿಲ್ಲ! ಎರಡು ಗಾಡಿಗಳ ತಪ್ಪು ಸೇರಿ ಮೂರನೆಯವರಿಗೆ ಪೆಟ್ಟಾದರೆ ಆ ಮೂರನೆಯವರು ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು, ಹಂಚಿಕೆಯ ಜಗಳ ಅವರವರು ಆಮೇಲೆ ನೋಡಿಕೊಳ್ಳಲಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಂಡತಿ ಗಂಡನ ಮೇಲೆ ಕೇಸು ಹಾಕಬೇಕೇ ಎಂದು ಆ ಮನೆಯಲ್ಲಿ ದೊಡ್ಡ ಚರ್ಚೆಯಾಗಿತ್ತು. ಕಡ್ಡಾಯವಲ್ಲ. ಆದರೂ ಎರಡೂ ಗಾಡಿಗಳ ಮಾಲೀಕರನ್ನು, ಎರಡೂ ವಿಮಾ ಕಂಪನಿಗಳನ್ನು ಪ್ರತಿವಾದಿ ಮಾಡುವುದೇ ಕ್ಷೇಮ. ಒಂದನ್ನೇ ಹಿಡಿದು, ಆ ಗಾಡಿಯದು ತಪ್ಪೇ ಇಲ್ಲವೆಂದು ತೀರ್ಪಾದರೆ ಕೈಗೆ ಏನೂ ಉಳಿಯುವುದಿಲ್ಲ. ಕೇಸು ಗಂಡನ ಹೆಸರಿಗಿದ್ದರೂ ಹಣ ಕಟ್ಟುವುದು ಅವನ ವಿಮೆ, ಸಂಕೋಚಕ್ಕೆ ಕಾರಣವಿಲ್ಲ.

‘ಹಿಂದಿನಿಂದ ಗುದ್ದಿದವನದೇ ತಪ್ಪು’, ‘ದೊಡ್ಡ ಗಾಡಿಯದೇ ತಪ್ಪು’ ಎಂಬ ಎರಡು ಮಾತು ನಮ್ಮ ರಸ್ತೆಗಳಲ್ಲಿ ಕಾನೂನಿನಂತೆ ಓಡಾಡುತ್ತವೆ. ಎರಡನೆಯದು ಬರೀ ಜನರ ನಂಬಿಕೆ. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಎರಡು ಪ್ರಕರಣ ತೀರ್ಮಾನಿಸಿತು, ಎರಡರಲ್ಲೂ ಕಾರು ಮುಂದಿನ ಭಾರಿ ವಾಹನಕ್ಕೆ ಹಿಂದಿನಿಂದ ಗುದ್ದಿತ್ತು. ಒಂದರಲ್ಲಿ ಕಾರು ಓಡುತ್ತಿದ್ದ ಟ್ರಕ್ಕಿನ ಹತ್ತು-ಹದಿನೈದು ಅಡಿ ಹಿಂದೆಯೇ ಹೋಗುತ್ತಿತ್ತು. ಟ್ರಕ್ಕು ತಟ್ಟನೆ ನಿಂತಿತು. ಸುರಕ್ಷಿತ ಅಂತರ ಇಡದ ಕಾರಿನದೇ ತಪ್ಪು ಎಂದಾಯಿತು. ಇನ್ನೊಂದರಲ್ಲಿ ಗ್ಯಾಸ್ ಟ್ಯಾಂಕರನ್ನು ರಾತ್ರಿ ರಸ್ತೆ ಮಧ್ಯೆ ಪಾರ್ಕಿಂಗ್ ಲೈಟಿಲ್ಲದೆ ನಿಲ್ಲಿಸಿದ್ದರು, ಎದುರಿನ ಗಾಡಿಗಳ ಬೆಳಕು ಕಣ್ಣು ಕುಕ್ಕುತ್ತಿತ್ತು. ಹೈಕೋರ್ಟ್ ಅರ್ಧ ತಪ್ಪು ಕಾರಿನದೆಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಪೂರ್ತಿ ಟ್ಯಾಂಕರಿನದೆಂದಿತು. ಹಿರಿಯೂರು, ಸಿರಾ ಕಡೆ ಹೆದ್ದಾರಿಯ ಅಂಚಿನಲ್ಲಿ ರಾತ್ರಿ ಲೈಟಿಲ್ಲದೆ ಲಾರಿ ನಿಲ್ಲಿಸಿ ಮಲಗುವವರು ಈ ಎರಡನೆಯ ತೀರ್ಪನ್ನು ಓದಿಸಿಕೊಳ್ಳಬೇಕು. ಲೈಟು ಹಾಕಿತ್ತೇ ಇಲ್ಲವೇ ಎಂಬ ಜಗಳಕ್ಕೆ ಹಳೆಯ ಮಾದರಿಯ ಬಲ್ಬೇ ಸಾಕ್ಷಿ: ಉರಿಯುತ್ತಿದ್ದ ತಂತಿ ಏಟಿಗೆ ಎಳೆದಂತೆ ಹಿಗ್ಗಿರುತ್ತದೆ, ತಣ್ಣಗಿದ್ದದ್ದು ಲಟಕ್ಕೆಂದು ತುಂಡಾಗಿರುತ್ತದೆ. ಒಡೆದ ಬಲ್ಬನ್ನು ದಯವಿಟ್ಟು ಬಿಸಾಡಬೇಡಿ.

2025ರ ಜುಲೈ ತೀರ್ಪು ಇನ್ನೂ ಸೂಕ್ಷ್ಮ. ಕೊಯಮತ್ತೂರಿನಲ್ಲಿ 2017ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಹೋಗುತ್ತಿದ್ದಾಗ ಮುಂದಿನ ಕಾರು ಹೆದ್ದಾರಿ ನಡುವೆ ಯಾವ ಸೂಚನೆಯೂ ಇಲ್ಲದೆ ಬ್ರೇಕ್ ಹಾಕಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು ಎಂಬುದು ಚಾಲಕನ ಸಮಜಾಯಿಷಿ. ಬೈಕು ಕಾರಿಗೆ ತಾಗಿ ಹುಡುಗ ಬಿದ್ದ, ಹಿಂದಿನ ಬಸ್ಸು ಅವನ ಮೇಲೆ ಹಾಯಿತು, ಕಾಲು ಕತ್ತರಿಸಬೇಕಾಯಿತು. ಸುಪ್ರೀಂ ಕೋರ್ಟ್ ಕಾರಿಗೆ ಶೇ 50, ಬಸ್ಸಿಗೆ ಶೇ 30, ಅಂತರ ಇಡದ ಹುಡುಗನಿಗೆ ಶೇ 20 ಪಾಲು ಹಾಕಿತು. ಹೆದ್ದಾರಿಯಲ್ಲಿ ನಿಲ್ಲಲು ತುರ್ತು ಕಾರಣವಿರಬಹುದು, ಹಿಂದಿನವರಿಗೆ ಸೂಚನೆ ಕೊಡದಿರಲು ಅದು ನೆಪವಾಗದು ಎಂಬುದು ಅದರ ತಿರುಳು. ಹಾಗೆಯೇ ಬೈಕಿನಲ್ಲಿ ಮೂವರಿದ್ದರು ಎಂಬ ಮಾತ್ರಕ್ಕೆ ಪರಿಹಾರ ಕತ್ತರಿಸುವಂತಿಲ್ಲ, ಮೂವರಿದ್ದದ್ದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಿತು ಎಂದು ತೋರಿಸಬೇಕು ಎಂದು 2020ರಲ್ಲಿ ಅದೇ ಕೋರ್ಟ್ ಹೇಳಿದೆ. ವಿಮಾ ಕಂಪನಿಯವರು ಚೌಕಾಸಿಯಲ್ಲಿ ಇದನ್ನು ಹೇಳುವುದಿಲ್ಲ; ನಿಮ್ಮ ವಕೀಲರು ಹೇಳಬೇಕು.

ತಪ್ಪು ನೂರಕ್ಕೆ ನೂರು ಚಾಲಕನದೇ ಆದರೆ? ನಮ್ಮದೇ ರಾಜ್ಯದ ಕೇಸು: 2014ರಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟಿದ್ದ ಗುತ್ತಿಗೆದಾರರೊಬ್ಬರ ಕಾರು ಅತಿವೇಗಕ್ಕೆ ಉರುಳಿ ಅವರು ತೀರಿಕೊಂಡರು. ಮನೆಯವರು 80 ಲಕ್ಷ ಕೇಳಿದರು. ನ್ಯಾಯಮಂಡಳಿ, ಹೈಕೋರ್ಟ್, ಕೊನೆಗೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಎಲ್ಲವೂ ಇಲ್ಲ ಎಂದವು. ಬೇರೆ ಗಾಡಿಯೇ ಇಲ್ಲದಾಗ, ತನ್ನದೇ ತಪ್ಪಿಗೆ ಸತ್ತವನ ವಾರಸುದಾರರಿಗೆ ಥರ್ಡ್ ಪಾರ್ಟಿ ವಿಮೆ ಒದಗುವುದಿಲ್ಲ. ಅದಕ್ಕೆ ಇರುವುದು 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ. ಪ್ರೀಮಿಯಂ ಉಳಿಸಲು ಅದನ್ನು ತೆಗೆಸಿಹಾಕುವವರನ್ನು ನೋಡಿದರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ.

ಎದುರಿನ ಪಕ್ಷದಲ್ಲಿ ನಿಂತವರಿಗೂ ಒಂದು ಮಾತು. ಮಂಡಳಿಯ ನೋಟಿಸು ಬಂದಾಗ ‘ವಿಮೆ ಇದೆಯಲ್ಲ, ಕಂಪನಿ ನೋಡಿಕೊಳ್ಳುತ್ತೆ’ ಎಂದು ಅದನ್ನು ಕಪಾಟಿನಲ್ಲಿಡುವ ಮಾಲೀಕರಿದ್ದಾರೆ. ನೋಟಿಸನ್ನು ಕಂಪನಿಗೆ ಮುಟ್ಟಿಸಬೇಕು, ತಾವೂ ಹಾಜರಾಗಬೇಕು. ತಪ್ಪು ನಮ್ಮದಲ್ಲ ಎಂದು ಹೇಳಬಲ್ಲವರು ಅಲ್ಲಿದ್ದ ಚಾಲಕ, ಮಾಲೀಕರೇ. ಲೈಸೆನ್ಸಿನ ತಕರಾರಿದ್ದರಂತೂ ಕಂಪನಿ ಮೊದಲು ಗಾಯಾಳುವಿಗೆ ಹಣ ಕಟ್ಟಿ, ಆಮೇಲೆ ಅಷ್ಟನ್ನೂ ಮಾಲೀಕರಿಂದ ವಸೂಲಿ ಮಾಡುವಂತೆ ಆದೇಶವಾಗಬಹುದು. 2004ರಿಂದ ಈ ಪದ್ಧತಿ ಗಟ್ಟಿಯಾಗಿದೆ. ಕಾರಿನ ಲೈಸೆನ್ಸಿನಲ್ಲಿ ಸಣ್ಣ ಗೂಡ್ಸ್ ಗಾಡಿ ಓಡಿಸಿದ ಎಂಬ ತಕರಾರು ಮಾತ್ರ ಈಗ ನಿಲ್ಲುವುದಿಲ್ಲ: 7,500 ಕಿಲೊಗಿಂತ ಕಡಿಮೆ ತೂಕದ ಗಾಡಿಗೆ ಅದೇ ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಹೇಳಿದೆ.

ರಸ್ತೆ ಬದಿಯ ರಾಜಿ ಪಂಚಾಯ್ತಿಯೂ ಹೀಗೇ ಕುತ್ತಿಗೆಗೆ ಬರುತ್ತದೆ. ಸುತ್ತ ಸೇರಿದ ಜನ ಹೆದರಿಸಿದರೆಂದು ‘ತಪ್ಪು ನನ್ನದೇ, ಖರ್ಚು ಕೊಡುತ್ತೇನೆ’ ಎಂದು ಬರೆದುಕೊಟ್ಟು ಬರುತ್ತಾರೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳುವುದು, ಹಣದ ಮಾತು ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕಾನೂನುಬದ್ಧ ಕರ್ತವ್ಯ, ಸಹಿ ಹಾಕುವುದಲ್ಲ.

ಅವಧಿಯ ವಿಚಾರದಲ್ಲಿ ಉದಾಸೀನ ಬೇಡ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿ ಇದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಅಪಘಾತ ಹಿರಿಯೂರಿನಲ್ಲಾಗಿದ್ದರೂ ನೀವು ಮೈಸೂರಿನವರಾದರೆ ಮೈಸೂರಿನಲ್ಲೇ ಅರ್ಜಿ ಹಾಕಬಹುದು. ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು ಮಂಡಳಿಗೆ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ತಪ್ಪಿನ ಪ್ರಶ್ನೆಯೇ ಇಲ್ಲದ ದಾರಿಯೂ ಒಂದಿದೆ: ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ನಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ಮುಗಿಯುತ್ತದೆ, ಹಾಗಾಗಿ ದುಡಿಯುವ ವಯಸ್ಸಿನವರ ಮನೆಯವರು ಅವಸರ ಮಾಡಬಾರದು. ಬದಲಿಗೆ, ಜಗಳ ಪಾಲಿನ ಹತ್ತು-ಇಪ್ಪತ್ತು ಶೇಕಡಾಕ್ಕೆ ಬಂದು ನಿಂತಿದ್ದರೆ ಲೋಕ ಅದಾಲತ್ತಿನಲ್ಲಿ ಮುಗಿಸಿಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ. ಮಂಡಿ ಆಪರೇಷನ್ನಿನ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ.

ನಿಮ್ಮದೇ ಕಂಪನಿ ರಿಪೇರಿ ಹಣ ನಿರಾಕರಿಸಿದರೆ ಮೊದಲು ಸರ್ವೇ ವರದಿಯ ಪ್ರತಿ ಕೇಳಿ, ಕೇಳಿದರೆ ಕೊಡಬೇಕು. ನನ್ನಂಥವನು ಏನು ಬರೆದಿದ್ದಾನೆಂದು ಗೊತ್ತಾದ ಮೇಲೆ ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಎದುರಿನ ಗಾಡಿಯ ಕಂಪನಿಯ ಮೇಲಿನ ದೂರನ್ನು ಮಾತ್ರ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಮತ್ತೆ ನ್ಯಾಯಮಂಡಳಿಯೇ.